ಇತರೆ

ಮೆಡಿಕಲ್ ಶಾಪಿನವರು ಕೊಟ್ಟ ಡೈರಿ, ನಾಲ್ಕು ವರ್ಷ ಹಳೇದು.
ಅದರೊಳಗೆ ಇವತ್ತು ಮಂಗಳವಾರ,
ಮಲವಗೊಪ್ಪದಲ್ಲಿ ಶುಕ್ರವಾರ.
ಲೆಕ್ಕಕ್ಕೆ ವಾರದ ಹಂಗೇನು
ಅಂತ ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವುತ್ತೇನೆ.

ಎದುರಿಗೆ ಇವರು, ಖಾಕಿ ಇನ್ನೂ ಬಿಚ್ಚಿಲ್ಲ.
ಮಾರ್ಚಿಗೆ ಗಾಡಿಯ ಎಫ್‌ಸಿ, ಇನ್ಶೂರೆನ್ಸು;
ತಿಂಗಳಿಗೆ ಎರಡು ಸಾವಿರ ಎತ್ತಿಡಲೇಬೇಕು.
ಎಲ್ಲಿಂದ ಅಂತ ಇಬ್ಬರೂ ಕೇಳಿಕೊಳ್ಳುವುದಿಲ್ಲ,
ಪೆನ್ನಿನ ತುದಿಯಷ್ಟೇ ಆ ಸಾಲು ಈ ಸಾಲು ಅಲೆಯುತ್ತದೆ.

ಮೊದಲು ಬಿದ್ದದ್ದು ಕೇಬಲ್ಲು.
ಅತ್ತೆ ಎರಡು ದಿನ ಮಾತು ಬಿಟ್ಟರು,
ಮೂರನೇ ದಿನ ಎದುರುಮನೆ ಗುಲ್ಜಾರ್‌ಬಿ ಹತ್ತಿರ ಹೋಗಿ
ಧಾರಾವಾಹಿಯ ಜೊತೆ ಚಹಾನೂ ಮುಗಿಸಿ ಬಂದರು.
ಅದೂ ಉಳಿತಾಯವೇ. ಬರೆಯಲಿಲ್ಲ.

ಹಾಲು ಅರ್ಧ ಲೀಟರಿಗೆ ಇಳಿಯಿತು.
ಸ್ನಾನದ ನೀರಿಗೆ ಗ್ಯಾಸು ನಿಂತಿತು.
ಸಾಮಿಲ್ಲಿನಿಂದ ಮೂಟೆ ಹೊಟ್ಟು ತಂದು
ಡಬ್ಬದ ಒಲೆಯ ನಡುವೆ ಬಾಟಲಿ ನಿಲ್ಲಿಸಿ
ಸುತ್ತ ಗಿಡಿದು, ಗುದ್ದಿ,
ಮೆಲ್ಲಗೆ ತಿರುಗಿಸಿ ಬಾಟಲಿ ಎಳೆದರೆ
ಬೆಂಕಿ ಕೂರುವುದಕ್ಕೊಂದು ಕೊಳವೆ.
ಈ ವಿದ್ಯೆ ಅತ್ತೆಯದು.
ಕೈ ಕೊಡವಿಕೊಳ್ಳುತ್ತಾ ನಕ್ಕರು, ಕೇಬಲ್ಲಿನ ಸಿಟ್ಟು ಅಲ್ಲಿಗೆ ಬೂದಿ.

ಬಸ್ಸಿನ ಮಾತು ಮಾತ್ರ ಎತ್ತಬಾರದಿತ್ತು.
ಮಾಚೇನಹಳ್ಳಿ ಗಾರ್ಮೆಂಟ್ಸಿಗೆ ಹೋಗಿ ಬರಲು
ದಿನಕ್ಕೆ ಮೂವತ್ತು, ಇಪ್ಪತ್ತಾರು ದಿನ.
ಈಗ ಕೈಯಲ್ಲಿ ಸೊನ್ನೆ ರೂಪಾಯಿಯ ಟಿಕೇಟು.
"ಏಳುನೂರ ಎಂಬತ್ತು ಉಳೀತು ನೋಡಿ" ಅಂದೆ,
ಸ್ವಲ್ಪ ಜಂಬದಲ್ಲೇ.
ಇವರು ಫ್ಯಾನು ನೋಡಿದರು. ಫ್ಯಾನು ತಿರುಗುತ್ತಿರಲಿಲ್ಲ.

ಮುಂಚೆ ಪಾಳಿ ಬಿಟ್ಟಾಗ ನಾಲ್ಕು ಹೆಂಗಸರು ಕೂಡಿ
ಗೇಟಿನೆದುರು ಇವರ ಆಟೋ ಹತ್ತುತ್ತಿದ್ದರು.
ಹೆಂಡತಿ ಹತ್ತಿದರೆ ಒಂದು ಸೀಟಿನ ಬಾಡಿಗೆ ದಂಡ
ಅಂತ ನಾನು ಅವತ್ತೂ ಬಸ್ಸಿಗೇ.
ಈಗ ಅವರೆಲ್ಲ ನನ್ನ ಪಕ್ಕದಲ್ಲೇ ಸರಳು ಹಿಡಿದು ನಿಂತಿರುತ್ತಾರೆ.
ಕಿಟಕಿಯಿಂದ ಸ್ಟ್ಯಾಂಡು ಕಾಣುತ್ತದೆ.
ಹಿಂದಿನ ಸೀಟಿನಿಂದ ಹೊರಚಾಚಿದ ಎರಡು ಕಾಲು,
ಎಡಗಾಲ ಚಪ್ಪಲಿಗೆ ನಾನೇ ಹಾಕಿದ ಹೊಲಿಗೆ.
ಏಳುನೂರ ಎಂಬತ್ತು
ಈ ಕಿಸೆಗೆ ಬಂದದ್ದು ಆ ಕಿಸೆಯಿಂದಲೇ ಇರಬಹುದು.
ಎರಡು ಕಿಸೆಯೂ ನಮ್ಮವು, ಡೈರಿಯೊಂದೇ.

ಕೊನೆಗೆ ಬೆರಳು ಪುಟದ ತಳಕ್ಕೆ ಬಂತು.
ಇತರೆ: ಮುನ್ನೂರ ನಲವತ್ತು.
"ಪ್ರತಿ ತಿಂಗಳೂ ಇರುತ್ತಲ್ಲ, ಏನಿದು?"

ಹೂವಿನ ಅಜ್ಜಿಗೆ ಬೋಣಿ ಆಗಿರಲಿಲ್ಲ, ಒಂದು ಮೊಳ ಕಾಕಡ.
ಸಿಂಚನಾಳ ಗೆಳತಿಗೆ ಹುಟ್ಟುಹಬ್ಬ, ಹೊಳೆಯುವ ಪೆನ್ನು.
ಲೈನಿನವರೆಲ್ಲ ಸೇರಿ ಸತ್ತ ವಾಚ್‌ಮನ್ನಿಗೆ ಹಾರ,
ನನ್ನ ಪಾಲು ಐವತ್ತು.
ನಿಮ್ಮ ಗಾಡಿಯಡಿ ಮಲಗುತ್ತಲ್ಲ ಕುಂಟ ನಾಯಿ,
ಅದರ ಬನ್ನು.
"ನಾಯಿಗೆ ಬನ್ನಾ?"
"ಬ್ರೆಡ್ಡು ತಿನ್ನಲ್ಲ."

ಒಂದು ಮಾತ್ರ ಹೇಳಲಿಲ್ಲ.
ಏಳು ತಿಂಗಳ ಚಂಪಾಗೆ ಬಸ್ಸಿನಲ್ಲಿ ಸೀಟು ಸಿಗದ ಸಂಜೆ
ಕೈಗೆ ನೂರರ ನೋಟು ತುರುಕಿ ಕೆಳಗಿಳಿಸಿದ್ದೆ,
ಆ ಮಲಗಿರೋರ ಗಾಡೀನೇ ಹತ್ತು, ನನ್ನ ಹೆಸರು ಎತ್ತಬೇಡ.
ಅವತ್ತು ರಾತ್ರಿ ಇವರು ಊಟಕ್ಕೆ ಕೂತು
"ಬಸುರಿ ಹೆಂಗಸು ಕಣೇ, ಅರವತ್ತೇ ಇಸ್ಕೊಂಡೆ" ಅಂದಿದ್ದರು.
ಇನ್ನೊಂದು ಮುದ್ದೆ ಕೇಳಿದ್ದರು.
ಮಾರನೇ ದಿನ ಚಂಪಾ ಮಿಷನ್ನಿನ ಮೇಲೆ
ನಾಲ್ಕು ಹತ್ತರ ನೋಟು ಇಟ್ಟು ಹೋಗಿದ್ದಳು.

"ಅದರಲ್ಲೊಂದು ಅರವತ್ತು ಕಡಿಮೆ ಮಾಡೇ,
ಎರಡು ಸಾವಿರ ಸರಿಹೋಗುತ್ತೆ."

ಸರಿ ಅಂದೆ.
ಮುನ್ನೂರ ನಲವತ್ತು ಹೊಡೆದು ಇನ್ನೂರ ಎಂಬತ್ತು ಬರೆದೆ.
ಖಾಕಿ ಬಿಚ್ಚಿ ಮೊಳೆಗೆ ಹಾಕಿ ಒಲೆ ಮುಟ್ಟಿ ನೋಡಿದರು,
ಹೊಟ್ಟು ಒಳಗೇ ಇನ್ನೂ ಬಿಸಿ ಇತ್ತು.
"ಬನ್ನು ಇರಲಿ" ಅಂದರು ಬಚ್ಚಲಿಂದ,
ತಲೆಗೆ ನೀರು ಸುರಿದುಕೊಳ್ಳುತ್ತಾ,
ಸರಿಯಾಗಿ ಕೇಳಿಸಲಿಲ್ಲ.