ಉಲ್ಟಾ ಅಕ್ಷರ

ಗದಗಿನಿಂದ ಲಾರಿ ಮ್ಯಾಲೆ ಬಂತು ಆ ಆಸ್ಟಿನ್ನು,
ಎರಡನೇ ಲಗ್ನದ ಮದಿಮಗನಂಗ
ಮೈತುಂಬ ಹಗ್ಗ ಸುತಗೊಂಡು, ಮಾರಿ ಕೆಳಗ ಹಾಕಿ.
ಮಂಟೂರ ರೋಡಿನ ಹುಡುಗರು ದೀಪ ನೋಡಿದರು, ಹಾರ್ನು ನೋಡಿದರು.
ನಾನು ನೋಡಿದ್ದು ಎಡಗಡೆ ಮಡಗಾಡ.
ಬೆರಳ ಗಣಿಕೆಲೆ ತಟ್ಟಿದೆ,
ಸಂತ್ಯಾಗ ಗಡಿಗಿ ತಟ್ಟಿದಂಗ.
ಒಡಕು.

ಬಿರುಕಿನ ಬೆನ್ನ ಹತ್ತಬ್ಯಾಡ, ಅಂತಿದ್ದ ಗೈಬುಸಾಬ,
ಅದರ ಮುಂದ ಹೋಗಿ ನಿಲ್ಲು.
ಸೀಮಿ ಎಣ್ಣಿ ಸವರು, ಒರಸು, ಖಡುವಿನ ಪುಡಿ ಉದುರಿಸು,
ಕಣ್ಣಿಗೆ ಕಾಣದ ತುದಿ ತಾನs ಬೆವತು ತೋರಸ್ತೈತಿ.
ಅಲ್ಲೊಂದು ತೂತು ಹಾಕು, ಜೋಳದ ಕಾಳಿನಷ್ಟು.
ಓಡಿ ಬಂದ ಬಿರುಕು ದುಂಡನ್ನ ತೂತಿಗೆ ಬಿದ್ದು
ಎತ್ತ ಹೋಗಲಿ ತಿಳೀದs ನಿಲ್ತೈತಿ.
ಆಮ್ಯಾಲೆ ಬೆಂಕಿ. ಮೊದಲು ಬೆಂಕಿ ಹಿಡದವ
ತಗಡನ್ನ ಹಪ್ಪಳ ಮಾಡ್ತಾನ.

ಬಣ್ಣ ಕೆರದೆ. ಕರೀದರ ಕೆಳಗ ಹಸರು, ಹಸರಿನ ಕೆಳಗ ಪುಟ್ಟಿ,
ತಂಗಳ ರೊಟ್ಟಿ ಹಂಗ ಹೆಕ್ಕಳಿಕಿ ಎದ್ದು ಬಿತ್ತು.
ಒಳಮೈಗೆ ಕೈ ಹಾಕಿದರ ಡಾಂಬರು,
ಡಾಂಬರದ ಹಿಂದ ಯಾರೋ ಬಡದ ತ್ಯಾಪಿ, ನಾಕು ರಿವೀಟು.
ಹೆಬ್ಬಟ್ಟಿಲೆ ತಿಕ್ಕಿದೆ.
ಹತ್ತಿದ್ದು ಜಂಗಲ್ಲ, ಅಕ್ಷರ.

ಗಾಡೀದs ಕನ್ನಡಿ ಬಿಚ್ಚಿ ಅಡ್ಡ ಹಿಡದೆ.
ಪ್ರೆಸ್ಸಿನ ಸತುವಿನ ಬ್ಲಾಕು. ಲಗ್ನಪತ್ರಿಕಿ.
ಚಿ. ಕುಂ. ಸೌ. ನಿಂ
ಅಷ್ಟರಾಗ ಒಂದು ರಿವೀಟು.
ನಿಂಗವ್ವನೋ, ನಿಂಬೆವ್ವನೋ.
ಅಕ್ಷತಾರೋಪಣ ಮಧ್ಯಾಹ್ನ ಹನ್ನೆರಡೂ ಮೂವತ್ತೈದಕ್ಕ,
ವರನ ಹೆಸರು, ವಾರ, ತಿಥಿ ಕತ್ರಿ ಪಾಲಾಗ್ಯಾವು.

ಮಾಲಕರು ಮುಳಗುಂದ ಸಾಹೇಬರಿಗೆ ಫೋನ್ ಹಚ್ಚಿದೆ.
ಅಜ್ಜಾಂದರೀ ಅದು, ಅಂದರು ನಕ್ಕು,
ಹಳೇ ಬ್ಲಾಕು ಎಲ್ಲಾದಕ್ಕೂ ಬಡೀತಿದ್ದ,
ಬಚ್ಚಲದ ಬಾಗಲಕ್ಕೂ ಅದs, ಇಲಿ ತೂತಿಗೂ ಅದs.
ತಗದು ಒಗೀರಿ. ನಮಗ ಒರಿಜಿನಲ್ ಆಗಬೇಕು.

ತಗೀಲಾಕ ಬೇಕs. ಸತುವಿಗೆ ಬೆಂಕಿ ತಾಗಿದರ
ಬಿಳೇ ಹೊಗಿ, ರಾತ್ರಿಗೆ ಚಳಿಜ್ವರ;
ಗೈಬುಸಾಬ ಎರಡು ಸಲ ಮಲಗಿದ್ದ,
ಬೆಲ್ಲ ತಿಂದು, ಕೌದಿ ಹೊಚಗೊಂಡು, ನನಗs ಬೈಕೋಂತ.
ಚಾಣ ಇಟ್ಟು ಬಡದೆ. ಮೂರು ರಿವೀಟು ಸೀದಾ ಬಿದ್ದವು.
ಹೆಸರಿನ ಮ್ಯಾಲಿಂದು ಹಟ ಹಿಡೀತು.
ಅದೂ ಬಿದ್ದ ಮ್ಯಾಲೆ ತಗಡನ್ನ ಬಿಸಲಿಗೆ ಹಿಡದು ನೋಡತೀನಿ:
ಬಿರುಕಿಗೆ ಎರಡು ಟಿಸಿಲು.
ಒಂದು ಅಂಚಿನತನಕ ಹೋಗೈತಿ.
ಇನ್ನೊಂದು ಬಂದು ಬಂದು
ಆ ರಿವೀಟಿನ ತೂತಿನ ದಂಡಿಗೆ ನಿಂತೈತಿ,
ಎಷ್ಟ ವರ್ಷದಿಂದೋ ಏನೋ.

ಆ ಮನಿಶಾಗ ಇದು ಗೊತ್ತಿದ್ದಿಲ್ಲ.
ಗೊತ್ತಿದ್ದರ ಇನ್ನೊಂದು ತುದಿಗೂ ಬಡೀತಿದ್ದ.

ಅದಕ್ಕ ನಾ ಒಂದs ತೂತು ಹಾಕಿದೆ.
ಸಣ್ಣ ಉರಿ, ಹಸೀ ಗೋಣಿಚೀಲ,
ಬೆರಳಷ್ಟು ಬೆಸದು, ಬಿಟ್ಟು, ಆರಿಸಿ, ಮತ್ತ ಬೆರಳಷ್ಟು.
ಒಳಗ ಎಡಗೈಯಾಗ ಡಾಲಿ, ಹೊರಗ ಬಲಗೈಯಾಗ ಸುತ್ತಿಗಿ,
ನಡುವ ತಗಡು, ಎರಡೂ ಕೈ ಒಂದಕ್ಕೊಂದು ಕಾಣಂಗಿಲ್ಲ.
ರೇಲ್ವೆ ವರ್ಕ್‌ಶಾಪಿನ ಭೋಂಗಾ ಆದದ್ದು ತಿಳೀಲಿಲ್ಲ.
ಒಂದು ಗೇಣು ಬಿರುಕು, ಎರಡು ದಿವಸ.
ತಟ್ಟಿದೆ. ಈಗ ಗಂಟಿ ಅಲ್ಲ, ಗಡಿಗೀನೂ ಅಲ್ಲ,
ತಗಡಿನ ಸದ್ದು. ಸಾಕು.

ತ್ಯಾಪಿ ಒಗೀಲಿಲ್ಲ. ಚಹಾ ಗ್ಲಾಸಿನ ಮಾಡದ ಮ್ಯಾಲೆ
ಅದರ ತೂತಿಗೇ ಮಳಿ ಬಡದು ತೂಗಹಾಕೇನಿ.
ಚಹಾ ತರೋ ಹುಡುಗ ಕುತಗಿ ವಾರಿ ಮಾಡಿ ನೋಡಿದ,
ಕಾಕಾ, ಇದು ತೆಲುಗೇನ್ರೀ?

ಕನ್ನಡಾನs ಐತೋ, ಅಂದೆ,
ಲಗ್ನಕ್ಕ ಕರದಾರ.