ಹಿಂದಿನ ಸೀಟಿಲ್ಲ

ಎಲ್ಲರೂ ಕೇಳೋದು ಅದನ್ನೇ.
ರೇಟು ಆಮೇಲೆ, ಚಾರ್ಜು ಎಷ್ಟು ಹೊತ್ತು ಅನ್ನೋದು ಆಮೇಲೆ,
ಮೊದಲು: "ಹಿಂದೆ ಯಾರು ಕೂರ್ತಾರೆ?"
ಓನರ್ ಮುನಿತಾಯಮ್ಮ ಸೀಟಿನ ಹಿಂದಿನ ಗಾಳಿಯನ್ನು
ಕೈಯಲ್ಲಿ ಸವರಿ ನೋಡಿದಳು,
ಬಿದ್ದ ಹಲ್ಲಿನ ಜಾಗ ನಾಲಿಗೆ ತಡಕುವ ಹಾಗೆ.

ಯಾರೂ ಇಲ್ಲಮ್ಮ, ಅಂದೆ.
ಇಪ್ಪತ್ತೈದಕ್ಕಿಂತ ಜೋರಾಗಿ ಓಡಲ್ಲ,
ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ.
ನಿಮ್ಮ ಗೇಟಿಗೂ ಸಂಪಿನ ಮುಚ್ಚಳಕ್ಕೂ ನಡುವೆ
ಎರಡೂಕಾಲು ಅಡಿ ಇದೆಯಲ್ಲ,
ಟೇಪು ಹಿಡಿದು ಅಳೆದೇ ತಂದದ್ದು.

ಐದೂವರೆಗೆ ಕಾಮಾಕ್ಷಿಪಾಳ್ಯ ಬಿಡುತ್ತೇನೆ.
ಹೆಗಲಿಗೆ ಚೀಲ, ಕಾಲ ಬಳಿ ಐಸಿನ ಡಬ್ಬ,
ಸೂಜಿ, ಹತ್ತಿ, ನೇರಳೆ ಮುಚ್ಚಳ, ಕೆಂಪು ಮುಚ್ಚಳ.
ಮನೆಮನೆಗೆ ಹೋಗಿ ರಕ್ತ ತೆಗೆಯುವವಳು ನಾನು.
ಬಸವೇಶ್ವರನಗರದ ಸಂಪಂಗಿರಾಮಯ್ಯನವರು
ಬೆಲ್ಲು ಒತ್ತುವ ಮೊದಲೇ ತೋಳು ಮಡಚಿ ನಿಂತಿರುತ್ತಾರೆ;
ಒಳಗೆ ಡಿಕಾಕ್ಷನ್ ಇಳಿಯುತ್ತಿರುವುದು
ಅವರ ಮುಖದಲ್ಲೇ ಕೇಳುತ್ತದೆ.

ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದೆ, ಏಳೇ ಮನೆ.
ಆಟೋ ಹಿಡಿದರೆ ರಕ್ತಕ್ಕಿಂತ ಬಾಡಿಗೆ ದುಬಾರಿ.
ಈಗ ಒಂಬತ್ತರೊಳಗೆ ಹದಿನಾಲ್ಕು.

ಮಾಗಡಿ ರೋಡಿನ ಸಿಗ್ನಲಲ್ಲಿ ಪಕ್ಕಕ್ಕೊಂದು ಕಾರು,
ನಮ್ಮ ಅಡುಗೆಮನೆಗಿಂತ ಉದ್ದ, ಒಳಗೆ ಒಬ್ಬ.
ಮಿಕ್ಕ ನಾಲ್ಕು ಸೀಟಿಗೂ ಏಸಿ ಬೀಸುತ್ತಿದೆ.
ಬ್ಯಾಗಿಗೆ ಬೆಲ್ಟು ಕಟ್ಟಿ ಕೂರಿಸಿದ್ದಾನೆ.
ಅವನನ್ನು ಯಾರೂ ಕೇಳುವುದಿಲ್ಲ,
ಹಿಂದೆ ಯಾರು ಕೂರ್ತಾರೆ ಅಂತ.
ನನ್ನ ಮೇಲೆ ಹಾರ್ನ್ ಒತ್ತುತ್ತಾನೆ,
ನಾನಾಗಲೇ ಬಸ್ಸಿಗೂ ಡಿವೈಡರಿಗೂ ನಡುವೆ ತೂರಿ
ಆಚೆ ಹೂವಿನಂಗಡಿ ದಾಟಿರುತ್ತೇನೆ.

ಹೊಗಳಿದ್ದು ಸಾಕು. ಕಷ್ಟ ಹೇಳದಿದ್ದರೆ ಸುಳ್ಳಾಗುತ್ತದೆ.
ಸುಮನಹಳ್ಳಿ ಫ್ಲೈಓವರ್ ಏರುವಾಗ ಏದುಸಿರು ಬಿಡುತ್ತದೆ;
ನಾನು ಮುಂದಕ್ಕೆ ಬಾಗುತ್ತೇನೆ,
ಅದರಿಂದೇನೂ ಆಗಲ್ಲ, ಆದರೂ.
ಹೊಂಡ ಸಿಕ್ಕರೆ ಪುಟ್ಟ ಚಕ್ರ
ಒಳಗಿಳಿದು ಕ್ಷೇಮಸಮಾಚಾರ ಕೇಳಿಯೇ ಬರುವುದು.
ರಾತ್ರಿ ಬ್ಯಾಟರಿ ಬಿಚ್ಚಿ ಮೂರನೇ ಮಹಡಿಗೆ,
ಹನ್ನೊಂದು ಕೇಜಿ,
ನಿದ್ದೆ ಹೋದ ಕೂಸನ್ನು ಎತ್ತಿದಂತೆ ಸೊಂಟದ ಮೇಲೆ.
ಗ್ಯಾರೇಜಿನ ಪ್ಯಾರೇಜಾನ್ ಸುತ್ತು ಹಾಕಿ ನೋಡಿ ಬೇಜಾರಾದ:
"ಬಿಚ್ಚೋಕೆ ಏನೂ ಇಲ್ವಲ್ಲಕ್ಕಾ ಇದರಲ್ಲಿ,
ನಾವೇನು ತಿನ್ನೋಣ?"

ಒಮ್ಮೆ ಪೊಲೀಸಿನವನು ಕೈ ಅಡ್ಡ ಹಿಡಿದ.
"ಏನಮ್ಮ ಇದು, ಮಕ್ಕಳದಾ? ಡಬ್ಬದಲ್ಲೇನು?"
"ಹದಿನಾಲ್ಕು ಜನ ಸಾರ್,
ಸ್ವಲ್ಪ ಸ್ವಲ್ಪ."
ಒಬ್ಬರ ಗಾಡಿಯಲ್ಲಿ ಹದಿನೈದು ಮಂದಿಗೆ ದಂಡವೆಷ್ಟೆಂದು
ಅವನ ಮೆಷಿನ್ನಿನಲ್ಲಿ ಇರಲಿಲ್ಲ.

ಆದರೆ ಮೊನ್ನೆ.
ಕೆಳಗಿನ ಮನೆಯ ಪೂಂಗೊಡಿ, ಡಿಪ್ಲೊಮಾ ಪರೀಕ್ಷೆ,
ಬುಕ್ ಮಾಡಿದ ಆಟೋ ಮೂರನೇ ಸಲ ಕ್ಯಾನ್ಸಲ್,
ಗಂಟೆ ಒಂಬತ್ತಾಗುತ್ತಾ ಬಂತು.
ನಾನು ಕೊನೆಯ ಮನೆ ಮುಗಿಸಿ
ನೀರು ಕುಡಿಯಲೆಂದು ಗೇಟಿನಲ್ಲಿ ನಿಂತಿದ್ದೆ.
ಗಾಡಿ ನೋಡಿದಳು. ಅದರ ಹಿಂದೆ ನೋಡಿದಳು.
ಏನೂ ಕೇಳಲಿಲ್ಲ.
ಇಷ್ಟು ದಿನ ಕೇಳಿದವರಿಗೆಲ್ಲ ಉತ್ತರವಿತ್ತು ನನ್ನಲ್ಲಿ.

"ಸೈಕಲ್ ಬರುತ್ತಲ್ಲ ನಿಂಗೆ?" ಅಂದೆ,
ಹೆಲ್ಮೆಟ್ಟು ಅವಳ ಜಡೆಯ ಮೇಲೇ ಕೂರಿಸಿ, ಕೀ ಕೊಟ್ಟೆ.
"ಬಲಗೈ ಮೆಲ್ಲಗೆ ತಿರುಗಿಸು. ಹಂಪು ಕಂಡರೆ ನಿಂತೇಬಿಡು."
ಮೂಲೆಯವರೆಗೂ ಕಾಲು ನೆಲಕ್ಕೆ ಎಳೆಯುತ್ತಾ ಹೋದಳು,
ಆಮೇಲೆ ಎರಡೂ ಕಾಲು ಮೇಲಕ್ಕೆ.

ನಾನು ಡಬ್ಬ ಕಂಕುಳಲ್ಲಿಟ್ಟು ಲ್ಯಾಬಿಗೆ ನಡೆದೆ.
ಫುಟ್‌ಪಾತಿನಲ್ಲಿ ಪಾನಿಪುರಿ ಗಾಡಿ, ಟ್ರಾನ್ಸ್‌ಫಾರ್ಮರ್, ಮತ್ತೆ ಕಾರು,
ಒಬ್ಬಳು ಹೋಗುವಷ್ಟು ಜಾಗ ಅಲ್ಲೂ ಇರಲಿಲ್ಲ.

ಸಂಜೆ ಗಾಡಿ ಸಂಪಿನ ಪಕ್ಕದಲ್ಲೇ ನಿಂತಿತ್ತು,
ಚಾರ್ಜು ಒಂದೇ ಗೆರೆ.
ಕನ್ನಡಿ ಅವಳ ಎತ್ತರಕ್ಕೆ ತಿರುಗಿತ್ತು:
ನಾನು ಕೂತರೆ ರಸ್ತೆ ಕಾಣದು,
ನನ್ನದೇ ಭುಜ, ಮೇಲೊಂದಿಷ್ಟು ಕೇಬಲ್ಲು.
ಎರಡು ದಿನ ಹಾಗೇ ಬಿಟ್ಟೆ.
ಆಮೇಲೆ ಸರಿಮಾಡಿಕೊಂಡೆ.
ಟ್ರಾಫಿಕ್ಕು, ಏನು ಮಾಡೋದು.