ಬೆಲೆಪಟ್ಟಿ ಬ್ಯಾರೆ

ಕ್ಯಾಟಲಾಗಿಗೆ ರೊಕ್ಕ ಕೊಡ್ತಾರೇನೋ ಯಾರರೆ,
ಅಂದ ಬಾಳೇಶ, ನನ್ನ ಹೆಂಡತಿ ಅಣ್ಣ.
ಖಡೇಬಜಾರದಾಗ ಸೀರಿ ಅಂಗಡಿ ಅವಂದು;
ನೂರು ಸೀರಿ ಬಿಚ್ಚಿ ಒಗದು, ಮ್ಯಾಲೆ ಚಾ ಕುಡಿಸಿ,
ಏನೂ ಕೊಳ್ಳದ ಹೋದವರಿಗೂ
ಕ್ಯಾಲೆಂಡರ್ ಕೊಟ್ಟು ಕಳಸಾಂವ.
ಮಾರಾಂವ ತೋರಿಸಬೇಕು, ಕೊಳ್ಳಾಂವ ನೋಡಬೇಕು,
ನೋಡೂದಕ್ಕ ಎಲ್ಲೀ ದರ?

ಸಾವಿರದ ನಾಕುನೂರು, ಅಂದೆ, ಟಪಾಲು ಹಿಡದು.

ಅಂದ್ರ ನನ್ನ ಲೆಕ್ಕದಾಗ
ಎಪ್ಪತ್ತು ಖಾತೆ ಪುಸ್ತಕದ ಬೈಂಡಿಂಗು,
ಶಹಾಪುರದ ಪ್ರೆಸ್ಸಿನ ಹಿಂದಿನ ಖೋಲಿ,
ಮೈದಾದ ಅಂಟು, ಸೂಜಿ, ಬೆರಳಿಗೆ ಸುತ್ತಿದ ಚಿಂದಿ.

ಮೊದಲನೇ ಸಲ ಡ್ರಾಫ್ಟ್ ತಗಸಾಕ ಹೋದಾಗ
ಬ್ಯಾಂಕಿನ ಬಾಯಿ ಅರ್ಜಿ ಹೊಳ್ಳಿ ಕೊಟ್ಟಳು:
'ಉದ್ದೇಶ' ಅನ್ನೋ ಖಾನೆ ಖಾಲಿ ಐತಿ.
ಏನು ಬರೀಲಿ? ಆಟಿಗಿ ಅಂದ್ರ ಆಟಿಗಿ ಬರೂದಿಲ್ಲ,
ವ್ಯಾಪಾರ ಅಂದ್ರ ನನ್ನ ಹತ್ರ ಒಂದು ಗಾಲಿನೂ ಇಲ್ಲ.
'ನೋಡಾಕ' ಅಂತ ಬರದೆ.
ಆಕಿ ಕನ್ನಡಕದ ಮ್ಯಾಲಿಂದ ನನ್ನ ನೋಡಿದಳು,
ಪುಕ್ಕಟೆ.

ಪುಸ್ತಕ ಬಂದ ದಿನ ನಾ ಮೊದಲು ರೈಲು ನೋಡೂದಿಲ್ಲ.
ಬೆನ್ನು ನೋಡ್ತೀನಿ. ಹದಿನಾರು ಪುಟಕ್ಕೊಂದು ಕಟ್ಟು,
ಕಟ್ಟಿಗೆ ಐದು ಟಾಕಾ, ದಾರ ಎಲ್ಲೂ ಸಡಲಿಲ್ಲ.
ಜರ್ಮನಿ ಒಳಗೂ ಯಾವನೋ ಒಬ್ಬ
ಬೆರಳಿಗೆ ಚಿಂದಿ ಸುತ್ತಿಕೊಂಡಾನ.
ಆಮ್ಯಾಲೆ ಮೂಸ್ತೀನಿ.
ಆಮ್ಯಾಲೆ ರೈಲು.

ನಾಕುನೂರು ಪುಟ, ನನಗ ಓದಾಕ ಬರೂದು ಅಂಕಿ ಅಷ್ಟ.
ಬೆರಳುದ್ದದ ಉಗಿಬಂಡಿ, ಕಡ್ಡಿಪೆಟ್ಟಿಗಿಯಂಥ ಡಬ್ಬಿ,
ಅಂಗೈಯಾಗ ಕೂಡೂ ಸ್ಟೇಷನ್ನು.
ಮಂದಿನೂ ಮಾರಾಟಕ್ಕ ಅದಾರ, ಆರರ ಪೊಟ್ಟಣ:
ಟೊಪಗಿ ಸಾಹೇಬ, ನಾಯಿ ಹಿಡದ ಹೆಂಗಸು,
ಕೂತಾಂವ, ನಿಂತಾಂವ, ಕೈ ಬೀಸಾಂವ.
ಯಾರಿಗೆ ಬೀಸ್ತಾನೋ, ಅವರು ಇನ್ನೊಂದು ಪೊಟ್ಟಣದಾಗ ಇರಬೇಕು.
ಎಲ್ಲಾದಕ್ಕೂ ನಂಬರ್ ಐತಿ, ದರ ಇಲ್ಲ.
ಬೆಲೆಪಟ್ಟಿ ಬ್ಯಾರೆ, ಅದಕ್ಕ ಬ್ಯಾರೆ ರೊಕ್ಕ;
ಅದನ್ನ ನಾ ಎಂದೂ ತರಸಲಿಲ್ಲ.
ದರ ಗೊತ್ತಿಲ್ಲದ ಮಾಲು ತುಟ್ಟಿ ಅನಸೂದಿಲ್ಲ.

ಹದಿನೇಳು ವರ್ಷ ಹಿಂಗ. ಮೊನ್ನೆ ಒಂದು ಚೀಟಿ ಬಂತು.
ಪ್ರೆಸ್ಸಿನ ಹುಡುಗ ಫೋನಿನಾಗ ಕನ್ನಡಕ್ಕ ತಿರುವಿ ಓದಿದ:
ಇನ್ನ ಮ್ಯಾಲೆ ಅಚ್ಚು ಹಾಕೂದಿಲ್ಲ,
ಎಲ್ಲಾ ಫೋನಿನಾಗ ಐತಿ, ಪುಕ್ಕಟೆ.
ಬಾಳೇಶ ನಕ್ಕ, ನೋಡು, ಅವರಿಗೂ ಬುದ್ಧಿ ಬಂತು.
ನನ್ನ ಕೈಯಾಗ ಸಾವಿರದ ನಾಕುನೂರು
ಊರ ಹೆಸರು ಅಳಿಸಿದ ಟಿಕೀಟಿನಂಗ.

ಒಂದು ವಾರ ಫೋನಿನಾಗ ನೋಡಿದೆ.
ಸುಳ್ಳು ಯಾಕ ಹೇಳ್ಲಿ, ಬಣ್ಣ ಮೊದಲಿಗಿಂತ ಛಲೋ.
ಆದ್ರ ಪುಟ ತಿರುವಿದ್ರ ಗಾಳಿ ಬರೂದಿಲ್ಲ.

ಆ ರೊಕ್ಕದಾಗ ಆರ್ಟ್ ಪೇಪರ್ ತಂದೆ, ಎರಡು ದಸ್ತ.
ರಾತ್ರಿ ಖೋಲಿ ಕೀಲಿ ಹಾಕ್ಕೊಂಡು ಬರದೆ:
೧೦೧. ಟಿಳಕವಾಡಿ ಎರಡನೇ ಗೇಟು, ಹಾಕಿದ್ದು.
೧೦೨. ಅದ ಗೇಟಿನ ಕೆಳಗ ಸ್ಕೂಟರ್ ವಾಲಿಸಿ ನುಸುಳಾಂವ.
೧೦೩. ಮಿರಜ ಗಾಡಿಗೆ ಕಾಯೂ ಮಂದಿ, ಆರರ ಪೊಟ್ಟಣ,
ಒಬ್ಬಾಕಿ ತೊಡಿ ಮ್ಯಾಲೆ ಮೆಣಸಿನಕಾಯಿ ಚೀಲ.
೧೦೪. ಚಾದಾಂವ, ಕಿಟಲಿ ಸಹಿತ.
೧೦೫. ಚಿಲ್ರೆ ಇಸ್ಕೊಳ್ಳಾಕ ಕಿಡಕಿ ಹಿಡದು ಓಡೂ ಚಾದಾಂವ.
೧೧೨. ಬ್ಯಾಂಕಿನ ಬಾಯಿ. ಕನ್ನಡಕಕ್ಕ ಬ್ಯಾರೆ ನಂಬರ್ ನೋಡ್ರಿ.
ಚಿತ್ರ ತಗದಾಂವ ನಾನ, ಎಲ್ಲಾ ಸೊಟ್ಟ ಬಂದಾವ.
ಹೊಲಿಗಿ ಸೊಟ್ಟ ಇಲ್ಲ.

ಬಾಳೇಶ ಅಂಗಡಿ ಮುಚ್ಚಿ ಬಂದ,
ಕೈ ಚಾಚಿದ: ಕೊಡಿಲ್ಲೆ, ನೋಡೂನು.
ನಾಲ್ವತ್ತು ರೂಪಾಯಿ, ಅಂದೆ.
ಮಾಲು ಐತೇನು? ಇಲ್ಲ.
ಬರೂದೈತೇನು? ಇಲ್ಲ.
ಮತ್ತ?

ನಾ ಸೂಜಿಗೆ ದಾರ ಪೋಣಸ್ಕೋತ ಕೂತೆ.
ಗಾಡಿ ತಡ ಆದಾಗ ಮಂದಿ ನಿಲ್ಲೂ ಹಂಗ ನಿಂತಿದ್ದ.
ಆಮ್ಯಾಲೆ ಜೇಬಿನಾಗಿಂದ ಇಪ್ಪತ್ತರ ಎರಡು ನೋಟು,
ಒಂದು ಹರದದ್ದು, ಅಂಟಿಸಿದ್ದು.

ಬಾಗಲ ಹತ್ರ ಬೆಳಕಿಗೆ ಹಿಡದು
ನೂರಾ ಎರಡಕ್ಕ ಬಂದು ಬೆರಳು ನಿಂತಿತು.
ಇಂವ ನಾನೇನೋ? ಅಂದ.
ಎಷ್ಟಿಟ್ಟಿ ನನಗ?

ಬೆಲೆಪಟ್ಟಿ ಬ್ಯಾರೆ, ಅಂದೆ.